ನಿಮಗಿದು ಗೊತ್ತೇ? ಸಾಮ್ರಾಜ್ಯಕ್ಕಿಂತ ಮೊದಲು ಹುಟ್ಟಿದ ಬೆಟ್ಟದ ಕೋಟೆ

◆ ಇರಾನಿನ ಶಿರಾಜ್‌ನಿಂದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ಹೋದರೆ ಫಿರೂಜಾಬಾದ್ ಸಿಗುತ್ತದೆ. ಊರು ಮುಟ್ಟುವ ಮೊದಲು ರಸ್ತೆ ತಂಗಾಬ್ ಎಂಬ ಇಕ್ಕಟ್ಟಾದ ಕಣಿವೆಯನ್ನು ಹಾಯಬೇಕು. ಕೆಳಗೆ ನದಿ, ಎರಡೂ ಬದಿಗೆ ಕಡಿದಾದ ಬಂಡೆ. ಅಲ್ಲಿ ತಲೆ ಎತ್ತಿ ನೋಡಿದರೆ ಬೆಟ್ಟದ ಬಣ್ಣದಲ್ಲೇ ಬೆರೆತುಹೋದ ಕಲ್ಲಿನ ಗೋಡೆಗಳು ಕಾಣುತ್ತವೆ. ಅದು ಕಲಾ-ಎ-ದೊಖ್ತರ್. ಕ್ರಿ.ಶ. 3ನೇ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸಿದವನು ಮೊದಲನೆಯ ಅರ್ದಶೀರ್. ಮುಂದೆ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಇರಾನನ್ನು ಆಳಿದ ಸಸ್ಸಾನಿಯನ್ ವಂಶದ ಸ್ಥಾಪಕ ಅವನೇ. ಆದರೆ ಈ ಕೋಟೆಗೆ ಕಲ್ಲು ಹೊರಿಸಿದಾಗ ಅವನಿನ್ನೂ ಚಕ್ರವರ್ತಿಯಲ್ಲ, ಪಾರ್ಥಿಯನ್ ದೊರೆಗೆ ತಲೆಬಾಗಿರಬೇಕಾಗಿದ್ದ ಒಂದು ಪ್ರಾಂತ್ಯದ ಅರಸ.

◆ ಅರ್ದಶೀರ್ ಮೊದಲು ಹಿಡಿದ ಅಧಿಕಾರವೇ ಕೋಟೆಯದು. ದಾರಾಬ್‌ಗೆರ್ದ್ ಎಂಬಲ್ಲಿ ಅವನು ಕೋಟೆಯ ಅಧಿಪತಿಯಾಗಿದ್ದ ಎಂದು ಇತಿಹಾಸಕಾರ ತಬರಿ ಬರೆದಿದ್ದಾನೆ. ಎಲ್ಲಿ ಗೋಡೆ ಎಬ್ಬಿಸಬೇಕು, ಎಲ್ಲಿ ಬೆಟ್ಟವನ್ನೇ ಗೋಡೆಯಾಗಿ ಬಿಡಬೇಕು ಎಂಬ ಲೆಕ್ಕ ಅವನಿಗೆ ಎಳೆಯ ವಯಸ್ಸಿನಿಂದಲೂ ತಿಳಿದಿತ್ತು. ಕಲಾ-ಎ-ದೊಖ್ತರ್ ನಿಂತ ಜಾಗ ನೋಡಿದರೆ ಅದು ಸ್ಪಷ್ಟ. ಶಿರಾಜ್ ಕಡೆಯಿಂದ ಫಿರೂಜಾಬಾದ್ ಬಯಲಿಗೆ ಇಳಿಯುವ ದಾರಿ ಈ ಕೋಟೆಯ ಕಣ್ಣೆದುರೇ ಹಾದುಹೋಗುತ್ತದೆ.

◆ ತನ್ನ ಅಪ್ಪಣೆಯಿಲ್ಲದೆ ಅಧೀನ ಅರಸನೊಬ್ಬ ನಗರ, ಕೋಟೆ ಕಟ್ಟುತ್ತಿದ್ದಾನೆಂದು ತಿಳಿದ ಪಾರ್ಥಿಯನ್ ದೊರೆ ಅರ್ದವಾನ್ ಕೆಂಡವಾಗಿ ಪತ್ರ ಬರೆದನಂತೆ. ಇದೂ ತಬರಿ ಹೇಳುವ ಮಾತು. ಇತಿಹಾಸದ ಪುಸ್ತಕಗಳಲ್ಲಿ ಈ ಅರ್ದವಾನನ ಹೆಸರು ಅರ್ತಬಾನಸ್ ಎಂದಿರುತ್ತದೆ. ಕೊನೆಗೆ ಕ್ರಿ.ಶ. 224ರ ಏಪ್ರಿಲ್‌ನಲ್ಲಿ ಹೊರ್ಮಜ್ದ್‌ಗಾನ್ ಎಂಬ ಬಯಲಿನಲ್ಲಿ ಇಬ್ಬರೂ ಎದುರುಬದುರಾದರು. ಅರ್ದವಾನ್ ರಣರಂಗದಲ್ಲೇ ಮಡಿದ. ಅರ್ದಶೀರ್ ರಾಜಾಧಿರಾಜನಾದ. ಹಾಗಾಗಿ ಈ ಕೋಟೆಯನ್ನು ಬಂಡಾಯದ ಕಾಲದ ಕಟ್ಟಡವೆಂದೇ ನೋಡಬೇಕು. ಗೆಲ್ಲುತ್ತೇನೋ ಇಲ್ಲವೋ ಎಂದು ತಿಳಿಯದವನೊಬ್ಬ ಕಟ್ಟಿಕೊಂಡ ಅರಮನೆ ಇದು. ಅದಕ್ಕೇ ಇದರ ಗೋಡೆಗಳು ಇಷ್ಟು ದಪ್ಪ, ಜಾಗ ಇಷ್ಟು ದುರ್ಗಮ.

◆ ದೊಖ್ತರ್ ಎಂದರೆ ಮಗಳು, ಕನ್ಯೆ. ಈ ಹೆಸರಿನ ಕೋಟೆ, ಸೇತುವೆಗಳು ಇರಾನಿನಲ್ಲಿ ಹಲವು ಕಡೆ ಇವೆ. ಇಂಥ ಹೆಸರುಗಳ ಹಿಂದೆ ಜಲದೇವತೆ ಅನಾಹಿತಾಳ ನೆನಪಿದೆ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ.

◆ ಈ ಕೋಟೆ ಒಂದೇ ಮಟ್ಟದಲ್ಲಿಲ್ಲ. ಬೆಟ್ಟದ ಇಳಿಜಾರಿಗೆ ಹೊಂದಿಕೊಂಡು ಮೂರು ಜಗಲಿಗಳಾಗಿ ಮೇಲೇರುತ್ತದೆ. ಕೆಳಗಿನ ಮಟ್ಟದಲ್ಲಿ ಆಯತಾಕಾರದ ದೊಡ್ಡ ಬುರುಜು, ಅದರೊಳಗೆ ಎತ್ತರದ ಹೆಬ್ಬಾಗಿಲು. ಬಾಗಿಲು ದಾಟಿದವನನ್ನು ಅಗಲವಾದ ಮೆಟ್ಟಿಲುಗಳು ಮೇಲಿನ ಹಜಾರಕ್ಕೆ ಕರೆದೊಯ್ಯುತ್ತಿದ್ದವು. ಹಜಾರದ ಎರಡೂ ಗೋಡೆಗಳಲ್ಲಿ ಸಾಲು ಸಾಲು ಕುರುಡು ಗೂಡುಗಳು, ಅಂದರೆ ಕಿಟಕಿಯಂತೆ ಕಂಡರೂ ಆಚೆಗೆ ತೆರೆಯದ ಗೂಡುಗಳು. ಅದರಾಚೆ ಅಂಗಳ. ಅದಕ್ಕೂ ಮೇಲೆ, ತುತ್ತತುದಿಯಲ್ಲಿ, ಅರಸನ ಜಾಗ. ಅರಸನನ್ನು ಕಾಣಲು ಬಂದವನು ಏದುಸಿರು ಬಿಡುತ್ತ, ಪ್ರತಿ ತಿರುವಿನಲ್ಲೂ ಕಾವಲುಗಾರರ ಕಣ್ಣಿಗೆ ಬೀಳುತ್ತ, ಕೆಳಗಿನಿಂದ ಮೇಲೆ ಹತ್ತಿಯೇ ಬರಬೇಕು. ರಕ್ಷಣೆಗೆ ಬೇಕಾದ ಏರುದಾರಿ ಇಲ್ಲಿ ದರ್ಬಾರಿನ ಗತ್ತಿಗೂ ಒದಗಿದೆ. ಈ ಕೋಟೆಯ ವಿನ್ಯಾಸದಲ್ಲಿ ನನಗೆ ಬಹಳ ಹಿಡಿಸುವುದು ಇದೇ.

◆ ತುದಿಯ ಜಗಲಿಯಲ್ಲಿ ಮೊದಲು ಸಿಗುವುದು ಇವಾನ್. ಮೂರು ಕಡೆ ಗೋಡೆ, ಮೇಲೆ ಉದ್ದನೆಯ ಕಮಾನಿನ ಸೂರು, ಎದುರಿಗೆ ಮಾತ್ರ ಪೂರ್ತಿ ತೆರೆದ ದೊಡ್ಡ ಹಜಾರಕ್ಕೆ ಆ ಹೆಸರು. ಇದು ಪಾರ್ಥಿಯನ್ನರ ಕಾಲದಲ್ಲೇ ಬೆಳೆದಿತ್ತು. ಸಸ್ಸಾನಿಯನ್ನರು ಅದನ್ನು ಅರಮನೆಯ ಮುಖವನ್ನಾಗಿ ಮಾಡಿದರು. ಇಂದಿನ ಇರಾಕಿನಲ್ಲಿ, ಅವರ ರಾಜಧಾನಿಯಾಗಿದ್ದ ಕ್ಟೆಸಿಫೋನ್‌ನಲ್ಲಿ ಉಳಿದಿರುವ ತಾಕ್-ಎ-ಕಿಸ್ರಾದ ಕಮಾನು ಸುಮಾರು 37 ಮೀಟರ್ ಎತ್ತರ, 25 ಮೀಟರ್ ಅಗಲ. ಇಸ್ಲಾಂ ಬಂದ ಮೇಲೆ ಇದೇ ಇವಾನ್ ಮಸೀದಿ, ಮದರಸಾಗಳ ಅಂಗಳಕ್ಕೆ ಬಂತು. ಕಲಾ-ಎ-ದೊಖ್ತರ್‌ನ ಇವಾನಿಗೆ ಇಂದು ಮೇಲ್ಛಾವಣಿಯಿಲ್ಲ, ಕಮಾನು ಬಿದ್ದುಹೋಗಿದೆ.

◆ ಇವಾನಿನ ಹಿಂದೆ ಗುಮ್ಮಟದ ಕೋಣೆ. ಕಟ್ಟಡಗಳ ಚರಿತ್ರೆ ಬರೆಯುವವರು ಈ ಬೆಟ್ಟ ಹತ್ತುವುದೇ ಇದಕ್ಕಾಗಿ. ಹೊರಗಿನಿಂದ ನೋಡಿದರೆ ಆ ಭಾಗ ದುಂಡನೆಯ ಭಾರೀ ಬುರುಜು, ಒಳಗೆ ಹೊಕ್ಕರೆ ಚೌಕ ಕೋಣೆ, ಚೌಕದ ಮೇಲೆ ಮತ್ತೆ ದುಂಡನೆಯ ಗುಮ್ಮಟ. ಚೌಕದ ಮೇಲೆ ದುಂಡನ್ನು ಕೂರಿಸುವುದು ಸುಲಭವಲ್ಲ. ಚೌಕ ಪೆಟ್ಟಿಗೆಯ ಮೇಲೆ ಒಂದು ಬೋಗುಣಿಯನ್ನು ಬೋರಲು ಹಾಕಿ ನೋಡಿ. ನಾಲ್ಕು ಬದಿಗಳ ನಡುವೆ ಮಾತ್ರ ಅದಕ್ಕೆ ಆಸರೆ, ನಾಲ್ಕೂ ಮೂಲೆ ಬರಿದು.

ರೋಮನ್ನರು ಸುಮಾರು ಕ್ರಿ.ಶ. 126ರಲ್ಲಿ ಮುಗಿಸಿದ ಪ್ಯಾಂಥಿಯನ್‌ನ ಗುಮ್ಮಟಕ್ಕೆ 43 ಮೀಟರ್‌ಗೂ ಹೆಚ್ಚು ಅಗಲವಿದೆ. ಆದರೆ ಅದರ ಕೆಳಗಿನ ಗೋಡೆಯೂ ದುಂಡಗೇ ಇರುವುದರಿಂದ ಮೂಲೆಯ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಫಿರೂಜಾಬಾದಿನ ಗಾರೆಯವರು ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದರು. ಪ್ರತಿ ಮೂಲೆಗೂ ಅಡ್ಡಲಾಗಿ, ಒಂದು ಗೋಡೆಯಿಂದ ಪಕ್ಕದ ಗೋಡೆಗೆ, ಒಂದೊಂದು ಕಿರುಗಮಾನು ಎಸೆದರು. ಮೂಲೆಗಮಾನು ಎನ್ನೋಣ. ಕೆಳಗೆ ನಾಲ್ಕು ಬದಿಯಿದ್ದ ಕೋಣೆ ಮೇಲೆ ಹೋಗುತ್ತ ಎಂಟು ಬದಿಯದಾಯಿತು, ಎಂಟರಿಂದ ವೃತ್ತಕ್ಕೆ ಹೊರಳುವುದು ಕಷ್ಟವಾಗಲಿಲ್ಲ. ಇಂಥ ಮೂಲೆಗಮಾನಿನ ಮೇಲೆ ನಿಂತ ಗುಮ್ಮಟಗಳಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಕಲಾ-ಎ-ದೊಖ್ತರ್‌ನದ್ದು ಇದೆ. ಕ್ರಿ.ಶ. 537ರ ಹಗಿಯಾ ಸೋಫಿಯಾದಲ್ಲಿ ಇದೇ ಪ್ರಶ್ನೆಗೆ ಬೈಜಾಂಟಿಯನ್ನರು ಬೇರೆ ಉತ್ತರ ಕಂಡುಕೊಂಡರು, ಮೂಲೆಗಳಲ್ಲಿ ಒಳಬಾಗಿದ ತ್ರಿಕೋನಗಳನ್ನು ಎಬ್ಬಿಸಿ ಗುಮ್ಮಟಕ್ಕೆ ಹೆಗಲು ಕೊಟ್ಟರು. ಅದಕ್ಕಿಂತ ಮುನ್ನೂರು ವರ್ಷ ಮೊದಲೇ ಇಲ್ಲಿ ಬೆಟ್ಟದ ತುದಿಯಲ್ಲಿ ಒರಟು ಕಲ್ಲಿನಿಂದ ಕೆಲಸ ನಡೆದುಹೋಗಿತ್ತು!

◆ ಹೌದು, ಒರಟು ಕಲ್ಲೇ. ಇರಾನಿನ ಹಳೆಯ ಚಕ್ರವರ್ತಿಗಳ ಪರ್ಸೆಪೊಲಿಸ್‌ನಂತೆ ನುಣುಪಾಗಿ ಕಡೆದ ದೊಡ್ಡ ದಿಮ್ಮಿಗಳು ಇಲ್ಲಿಲ್ಲ. ಕೈಗೆ ಸಿಕ್ಕ ಕಲ್ಲನ್ನು ಅಲ್ಪಸ್ವಲ್ಪ ತಿದ್ದಿ, ಗಾರೆಯಲ್ಲಿ ಮುಳುಗಿಸಿ ಗೋಡೆ ಎಬ್ಬಿಸಿದ್ದಾರೆ. ಇಂದು ನಮಗೆ ಕಾಣುವ ಒರಟುತನ ಅಂದಿನವರ ಕಣ್ಣಿಗೆ ಬಿದ್ದಿರಲಿಲ್ಲ. ಗೋಡೆಗೆಲ್ಲ ದಪ್ಪನೆಯ ಗಚ್ಚಿನ ಲೇಪವಿತ್ತು, ಅದು ನಯವಾಗಿತ್ತು, ಅದರ ಮೇಲೆ ಅಲಂಕಾರವೂ ಇದ್ದಿರಬಹುದು. ಪಾಳುಬಿದ್ದ ಕೋಟೆಯನ್ನು ನೋಡುವಾಗ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಟ್ಟಡ ಬೇರೆಯದೇ ಆಗಿ ಕಾಣುತ್ತದೆ.

◆ ಗಾರೆಗೆ ಬಳಸಿದ್ದು ಜಿಪ್ಸಂ. ಇದರ ಗುಣ ಅರಿಯದೆ ಸಸ್ಸಾನಿಯನ್ ಕಟ್ಟಡ ಅರ್ಥವಾಗುವುದಿಲ್ಲ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಶಾಖಕ್ಕೆ ಸುಟ್ಟರೆ ಅದರೊಳಗಿನ ನೀರಿನ ಬಹುಪಾಲು ಹಾರಿಹೋಗುತ್ತದೆ. ಆ ಪುಡಿಗೆ ಮತ್ತೆ ನೀರು ಬೆರೆಸಿದರೆ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಸುಣ್ಣದ ಗಾರೆ ಪೂರ್ತಿ ಗಟ್ಟಿಯಾಗಲು ತಿಂಗಳುಗಟ್ಟಲೆ ಕಾಯಬೇಕು, ಜಿಪ್ಸಂಗೆ ಕಾಯುವ ಮಾತಿಲ್ಲ. ಕಮಾನು ಕಟ್ಟುವಾಗ ಕೆಳಗಿನಿಂದ ಮರದ ಅಚ್ಚು ಕೊಟ್ಟು ಹಿಡಿಯಬೇಕಾಗುತ್ತದಲ್ಲ, ಆ ಮರವೇ ಫಿರೂಜಾಬಾದ್ ಇರುವ ಫಾರ್ಸ್ ಸೀಮೆಯಲ್ಲಿ ಅಪರೂಪ. ಇಟ್ಟ ಕಲ್ಲನ್ನು ಗಾರೆ ಕೂಡಲೇ ಕಚ್ಚಿ ಹಿಡಿಯುವುದರಿಂದ ಮರದ ಅಚ್ಚು ಬಹುಮಟ್ಟಿಗೆ ಇಲ್ಲದೆಯೇ ಕಮಾನು ಬೆಳೆಸಬಹುದಿತ್ತು.

ಈ ಗಾರೆಗೆ ಒಂದು ಶತ್ರುವಿದೆ: ನೀರು. ಗಟ್ಟಿಯಾದ ಮೇಲೂ ಜಿಪ್ಸಂ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಮೇಲಿನ ಲೇಪ ಇರುವತನಕ ಚಿಂತೆಯಿಲ್ಲ. ಲೇಪ ಉದುರಿ ಮಳೆ ನೇರವಾಗಿ ಗೋಡೆಯ ಹೊಟ್ಟೆಗೆ ಇಳಿಯತೊಡಗಿದರೆ, ವರ್ಷ ವರ್ಷವೂ ಗಾರೆ ಸವೆದು ಕಲ್ಲುಗಳು ಸಡಿಲವಾಗುತ್ತವೆ. ಬೇಗ ಕಟ್ಟಲು ನೆರವಾದ ವಸ್ತುವೇ ಇಂದು ಸಂರಕ್ಷಣೆಯವರ ನಿದ್ದೆ ಕೆಡಿಸಿದೆ.

◆ ಹಾಗಿದ್ದರೆ ಸಿಮೆಂಟ್ ಮೆತ್ತಿದರಾಯಿತಲ್ಲ ಎನ್ನಬೇಡಿ. ಜಿಪ್ಸಂ ಇರುವ ಹಳೆಯ ಗೋಡೆಗೆ ಪೋರ್ಟ್‌ಲೆಂಡ್ ಸಿಮೆಂಟ್ ತಾಗಿ, ನೀರೂ ಸೇರಿದರೆ, ಎರಡರ ನಡುವೆ ರಾಸಾಯನಿಕ ಕ್ರಿಯೆ ನಡೆದು ಹೊಸ ಹರಳುಗಳು ಹುಟ್ಟುತ್ತವೆ. ಅವು ಉಬ್ಬಿ ಗೋಡೆಯನ್ನು ಒಳಗಿನಿಂದಲೇ ಸೀಳುತ್ತವೆ. ಅದಲ್ಲದೆ ಸಿಮೆಂಟ್ ಹಳೆಯ ಗಾರೆಗಿಂತ ಬಹಳ ಗಡುಸು, ಒತ್ತಡ ಬಂದಾಗ ಬಾಗುವುದು, ಬಿರಿಯುವುದು ಹಳೆಯ ಭಾಗವೇ. ಹೀಗಾಗಿ ಇಂಥ ಕಟ್ಟಡಕ್ಕೆ ಅದರದೇ ಜಾತಿಯ ಕಲ್ಲು, ಅದರದೇ ಜಾತಿಯ ಗಾರೆ ಬೇಕು. ಅಗ್ಗವಾಗಿ, ಬೇಗ ಸಿಗುವುದನ್ನು ತಂದು ತುಂಬಿಸುವುದು ದುರಸ್ತಿಯಲ್ಲ. ಈ ವಿಷಯದಲ್ಲಿ ನಾನು ರಾಜಿಗೆ ತಯಾರಿಲ್ಲ.

◆ ಗುಮ್ಮಟ ಕೆಳಕ್ಕೆ ಮಾತ್ರ ಭಾರ ಹಾಕುವುದಿಲ್ಲ, ಹೊರಕ್ಕೂ ತಳ್ಳುತ್ತದೆ. ಆ ತಳ್ಳಿಕೆಯನ್ನು ತಡೆಯಲು ಅಂದಿನವರು ನಂಬಿದ್ದು ಗೋಡೆಯ ದಪ್ಪವನ್ನೇ. ಈ ಕೋಟೆಯ ಕೋಣೆಗಳು ಸಣ್ಣದಾಗಿ, ಗೋಡೆಗಳು ದೈತ್ಯವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಕಲಾ-ಎ-ದೊಖ್ತರ್‌ನಲ್ಲಿ ಗುಮ್ಮಟದ ಒಂದಷ್ಟು ಭಾಗ ಮಾತ್ರ ಉಳಿದಿದೆ. ಆದರೆ ಉಳಿದಷ್ಟರಲ್ಲೇ ಮೂಲೆಗಮಾನಿನ ಕೆಲಸವನ್ನು ಕಲ್ಲು ಕಲ್ಲಾಗಿ ಓದಬಹುದು.

◆ ಈ ಕೋಟೆಯನ್ನು ಅಳೆದು, ಅಗೆದು, ವಿವರವಾಗಿ ಬರೆದವರಲ್ಲಿ ಮುಖ್ಯರು ಜರ್ಮನಿಯ ಡೀಟ್ರಿಚ್ ಹುಫ್. 1960-70ರ ದಶಕಗಳಲ್ಲಿ ಅವರು ಫಿರೂಜಾಬಾದಿನ ಸ್ಮಾರಕಗಳ ಮೇಲೆ ಕೆಲಸ ಮಾಡಿದರು. ಅದಕ್ಕೂ ಮೊದಲು, 1840ರ ಹೊತ್ತಿಗೆ, ಫ್ರಾನ್ಸಿನ ಯೂಜೆನ್ ಫ್ಲಾಂದಾಂ ಮತ್ತು ಪಾಸ್ಕಲ್ ಕೋಸ್ತ್ ಈ ಬಯಲಿಗೆ ಬಂದು ಚಿತ್ರ, ನಕ್ಷೆಗಳನ್ನು ಬರೆದಿದ್ದರು. 1930ರ ದಶಕದಲ್ಲಿ ಬಂದವರು ಆರೆಲ್ ಸ್ಟೈನ್. ಹೌದು, ಕಲ್ಹಣನ ರಾಜತರಂಗಿಣಿಯನ್ನು ಸಂಪಾದಿಸಿ ಇಂಗ್ಲಿಷಿಗೆ ತಂದ ಅದೇ ಸ್ಟೈನ್! ಹಳೆಯ ಚಿತ್ರಗಳಿಗೆ ಸಂರಕ್ಷಣೆಯಲ್ಲಿ ದೊಡ್ಡ ಬೆಲೆಯಿದೆ. ಯಾವ ಗೋಡೆ ಎಂದು ಬಿತ್ತು, ಯಾವುದು ಮೊದಲೇ ಬಿದ್ದಿತ್ತು ಎಂದು ಹೇಳುವ ಸಾಕ್ಷಿ ಅವು.

◆ ಯುದ್ಧ ಗೆದ್ದ ಮೇಲೆ ಅರ್ದಶೀರ್ ಬೆಟ್ಟ ಇಳಿದ. ಬಯಲಿನಲ್ಲಿ, ಒಂದು ಚಿಲುಮೆಯ ಕೊಳದ ದಂಡೆಗೆ ಹೊಸ ಅರಮನೆ ಕಟ್ಟಿಸಿದ. ಉದ್ದ 104 ಮೀಟರ್, ಅಗಲ 55 ಮೀಟರ್. ಮುಂದೆ ಇವಾನ್, ಹಿಂದೆ ಒಂದೇ ಸಾಲಿನಲ್ಲಿ ಮೂರು ಗುಮ್ಮಟದ ಕೋಣೆಗಳು, ಅದೇ ಮೂಲೆಗಮಾನು, ಅದೇ ಜಿಪ್ಸಂ ಗಾರೆ. ಬೆಟ್ಟದ ಮೇಲೆ ಒಂದು ಗುಮ್ಮಟದಲ್ಲಿ ಕೈ ಪಳಗಿಸಿಕೊಂಡವರು ಬಯಲಿನಲ್ಲಿ ಮೂರನ್ನು ಧೈರ್ಯವಾಗಿ ಎಬ್ಬಿಸಿದರು ಎಂದೇ ನನ್ನ ನಂಬಿಕೆ. ಈ ಅರಮನೆಗೆ ಕೋಟೆಯ ಗೋಡೆಯಿಲ್ಲ. ಹೆದರುವ ಕಾಲ ಮುಗಿದಿತ್ತು. ಕೋಟೆಯನ್ನು ನೋಡಿ ಅರಮನೆಯನ್ನು ಬಿಟ್ಟು ಬರುವವರು ಅರ್ಧ ಕಥೆಯನ್ನಷ್ಟೇ ಕೇಳಿ ಬಂದಂತೆ.

◆ ಅರಮನೆಯ ಒಳಗೋಡೆಗಳ ಗೂಡು, ಬಾಗಿಲುಗಳ ಮೇಲೆ ಗಚ್ಚಿನಲ್ಲಿ ಮಾಡಿದ ಅಂಚುಪಟ್ಟಿ ಇದೆ. ಅದು ಪರ್ಸೆಪೊಲಿಸ್‌ನ ಕಲ್ಲಿನ ಬಾಗಿಲುಗಳ ಅನುಕರಣೆ. ಪರ್ಸೆಪೊಲಿಸ್ ಆಗಲೇ ಸುಮಾರು 700 ವರ್ಷ ಹಳೆಯದು, ಅಲೆಕ್ಸಾಂಡರನ ಬೆಂಕಿಗೆ ಬಿದ್ದು ಪಾಳಾಗಿತ್ತು. ಅದರ ಒಂದು ಗೆರೆಯನ್ನು ತಂದು ತನ್ನ ಮನೆಯ ಬಾಗಿಲ ಮೇಲೆ ಇಟ್ಟವನು, ತಾನು ಯಾರ ವಾರಸುದಾರ ಎಂದು ಸಾರಿದ.

◆ ಅರ್ದಶೀರ್ ಕಟ್ಟಿಸಿದ ಗೂರ್ ನಗರ ಬಯಲಿನ ನಡುವೆ ಸುಮಾರು 2 ಕಿ.ಮೀ. ವ್ಯಾಸದ ಪೂರ್ಣ ವೃತ್ತ. ನಾಲ್ಕು ಬಾಗಿಲು, 20 ಭಾಗಗಳಾಗಿ ಹಂಚಿದ ನೆಲ, ಸುತ್ತ ಕಂದಕ, ನಟ್ಟ ನಡುವೆ 30 ಮೀಟರ್‌ಗೂ ಎತ್ತರವಾಗಿ ಇಂದಿಗೂ ನಿಂತಿರುವ ಕಲ್ಲಿನ ಗೋಪುರ. ನೆಲದಲ್ಲಿ ನಿಂತರೆ ಈ ವೃತ್ತ ತಿಳಿಯುವುದಿಲ್ಲ, ಆಕಾಶದಿಂದ ನೋಡಿದರೆ ದಂಗಾಗುತ್ತೇವೆ. 1930ರ ದಶಕದಲ್ಲಿ ಎರಿಕ್ ಶ್ಮಿತ್ ವಿಮಾನದಿಂದ ತೆಗೆದ ಚಿತ್ರಗಳು ಇದನ್ನು ಜಗತ್ತಿಗೆ ತೋರಿಸಿದವು. ಕ್ರಿ.ಶ. 762ರಲ್ಲಿ ಖಲೀಫ ಮನ್ಸೂರ್ ದುಂಡನೆಯ ಬಾಗ್ದಾದ್ ಕಟ್ಟಿದಾಗ ಇಂಥ ಮಾದರಿಗಳು ಅವನ ಕಣ್ಣ ಮುಂದಿದ್ದವು ಎಂದು ಹಲವರು ಭಾವಿಸುತ್ತಾರೆ.

◆ ಕೋಟೆಯ ಕೆಳಗಿನ ಕಣಿವೆಯ ಬಂಡೆಯಲ್ಲಿ ಅರ್ದಶೀರ್ ತನ್ನ ಗೆಲುವನ್ನು ಕೆತ್ತಿಸಿದ್ದಾನೆ. ಸುಮಾರು 18 ಮೀಟರ್ ಉದ್ದದ ಈ ಉಬ್ಬುಶಿಲ್ಪದಲ್ಲಿ ಮೂರು ಜೋಡಿ ಕುದುರೆ ಸವಾರರು ಕಾದುತ್ತಿದ್ದಾರೆ. ಒಂದರಲ್ಲಿ ಅರ್ದಶೀರ್ ಈಟಿಯಿಂದ ಅರ್ದವಾನನನ್ನು ಕುದುರೆಸಮೇತ ಉರುಳಿಸುತ್ತಿದ್ದಾನೆ. ಇನ್ನೊಂದರಲ್ಲಿ ಯುವರಾಜ ಶಾಪುರ್ ಪಾರ್ಥಿಯನ್ ಮಂತ್ರಿಯನ್ನು ಕೆಡವುತ್ತಿದ್ದಾನೆ. ಮೂರನೆಯವನು, ಒಬ್ಬ ಎಳೆಯ ಸೇವಕ, ಓಡುವ ಕುದುರೆಯ ಮೇಲೆಯೇ ಶತ್ರುವಿನ ಕೊರಳಿಗೆ ತೋಳು ಹಾಕಿ ಎಳೆಯುತ್ತಿದ್ದಾನೆ. ಯಾರು ಯಾರೆಂದು ತಿಳಿಯಲು ಕುದುರೆಯ ಹೊದಿಕೆ ನೋಡಿ, ಮನೆತನದ ಮುದ್ರೆಗಳು ಅಲ್ಲಿವೆ. ಕಣಿವೆಯ ಇನ್ನೊಂದು ಶಿಲ್ಪದಲ್ಲಿ ಅಹುರ ಮಜ್ದ ದೇವರಿಂದ ಅರ್ದಶೀರ್ ಅಧಿಕಾರದ ಬಳೆಯನ್ನು ಪಡೆಯುತ್ತಿದ್ದಾನೆ. ಅವನ ಬೆನ್ನ ಹಿಂದೆ ಚಾಮರ ಹಿಡಿದವನೊಬ್ಬ ನಿಂತಿದ್ದಾನೆ. ನಮ್ಮ ಶಿಲ್ಪಗಳನ್ನು ನೋಡಿ ಬೆಳೆದವರಿಗೆ ಅವನ ಗುರುತು ಹೇಳಿಕೊಡಬೇಕಾಗಿಲ್ಲ.

◆ ಈ ಶಿಲ್ಪದ ಹತ್ತಿರವೇ ನದಿಯಲ್ಲಿ ಹಳೆಯ ಸೇತುವೆಯೊಂದರ ಕುರುಹುಗಳಿವೆ. 5ನೇ ಶತಮಾನದ ಮಹಾಮಂತ್ರಿ ಮಿಹ್ರ್-ನರ್ಸೆ ಅದನ್ನು ತನ್ನ ಆತ್ಮದ ಒಳಿತಿಗಾಗಿ, ಸ್ವಂತ ಖರ್ಚಿನಲ್ಲಿ ಕಟ್ಟಿಸಿದನೆಂದು ಬಂಡೆಯ ಶಾಸನ ಹೇಳುತ್ತದೆ. ಈ ದಾರಿಯಲ್ಲಿ ಹೋಗುವವರು ತನ್ನನ್ನೂ ತನ್ನ ಮಕ್ಕಳನ್ನೂ ಹರಸಲಿ ಎಂಬ ಕೋರಿಕೆಯೂ ಅದರಲ್ಲಿದೆ. ಕೆರೆಕಟ್ಟೆ ಕಟ್ಟಿಸಿ ಶಾಸನ ಹಾಕಿಸಿದ ನಮ್ಮ ಊರುಗಳ ದಾನಿಗಳ ಮಾತನ್ನೇ ಬೇರೊಂದು ನೆಲದಲ್ಲಿ ಕೇಳಿದಂತಾಗುತ್ತದೆ.

◆ ಅರ್ದಶೀರನ ಬದುಕಿನ ಕಥೆ ಹೇಳುವ ಪಹ್ಲವಿ ಭಾಷೆಯ ಗ್ರಂಥ ಕಾರ್ನಾಮಗ್ ನಮಗೆ ಉಳಿದಿರುವುದು ಭಾರತದ ಪಾರ್ಸಿಗಳಿಂದ. 14ನೇ ಶತಮಾನದಲ್ಲಿ ಇಲ್ಲೇ ಪಶ್ಚಿಮ ಕರಾವಳಿಯಲ್ಲಿ ಪ್ರತಿ ಮಾಡಿದ ಹಸ್ತಪ್ರತಿಯಲ್ಲಿ ಅದು ಸಿಕ್ಕಿತು. ಕೋಟೆಯ ಕಲ್ಲನ್ನು ಬೆಟ್ಟ ಕಾಯಿತು, ಕಥೆಯನ್ನು ವಲಸೆ ಬಂದವರು ಕಾದರು. ಆ ಕಥೆಯಲ್ಲಿ ಅರ್ದಶೀರ್ ಅರ್ದವಾನನ ಆಸ್ಥಾನದಿಂದ ಒಬ್ಬ ಪರಿಚಾರಿಕೆಯೊಡನೆ ಕುದುರೆ ಏರಿ ಪರಾರಿಯಾಗುತ್ತಾನೆ. ಹಿಂದೆ ಒಂದು ಟಗರು ಓಡುತ್ತ ಬರುತ್ತದೆ. ಅದೇ ರಾಜತೇಜಸ್ಸು. ಟಗರು ಅವನ ಕುದುರೆಯನ್ನೇ ಏರಿ ಕೂತಿತೆಂದು ತಿಳಿದಾಗ, ಬೆನ್ನಟ್ಟಿದವರಿಗೆ ಇನ್ನು ಫಲವಿಲ್ಲವೆಂಬುದು ಮನದಟ್ಟಾಗುತ್ತದೆ.

◆ ಅರ್ದಶೀರನ ವಂಶಕ್ಕೂ ನಮ್ಮ ಬಾದಾಮಿಗೂ ನಂಟಿದೆ. ಸಸ್ಸಾನಿಯನ್ ದೊರೆ ಎರಡನೆಯ ಖುಸ್ರೋನಿಗೆ ಭಾರತದ ರಾಜನೊಬ್ಬ ಪತ್ರ, ಕಾಣಿಕೆಗಳನ್ನು ಕಳಿಸಿದ್ದನ್ನು ತಬರಿ ದಾಖಲಿಸಿದ್ದಾನೆ. ಆ ರಾಜ ಇಮ್ಮಡಿ ಪುಲಕೇಶಿ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಅಜಂತಾದ ಮೊದಲನೆಯ ಗುಹೆಯಲ್ಲಿರುವ ಪರದೇಶಿ ಉಡುಪಿನವರ ಚಿತ್ರ ಇದೇ ರಾಯಭಾರದ್ದು ಎಂಬ ಮಾತನ್ನು ಮಾತ್ರ ಇಂದು ಎಲ್ಲರೂ ಒಪ್ಪುವುದಿಲ್ಲ.

◆ ಗುಮ್ಮಟದ ವಿದ್ಯೆಯೂ ನಮ್ಮಲ್ಲಿಗೆ ಬಂತು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಶಾಸನದಲ್ಲಿರುವ ಶಿಲ್ಪಿಯ ಹೆಸರು ರಫಿ, ಇರಾನಿನ ಕಜ್ವೀನ್ ಮೂಲದವನು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಗೀಲಾನ್ ಸೀಮೆಯವನು. ವಿಜಯಪುರದ ಗೋಳಗುಮ್ಮಟದಲ್ಲಿ ಚೌಕದ ಮೇಲೆ ದುಂಡನ್ನು ಕೂರಿಸುವ ಅದೇ ಹಳೆಯ ಪ್ರಶ್ನೆಗೆ ಮತ್ತೊಂದು ಉತ್ತರವಿದೆ. ಅಲ್ಲಿ ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಸೇರಿ, ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟವನ್ನು ಹೊತ್ತಿವೆ. ಮುಂದಿನ ಸಲ ಗೋಳಗುಮ್ಮಟಕ್ಕೆ ಹೋದಾಗ ಪಿಸುಮಾತಿನ ಪಡಸಾಲೆಗೆ ಹತ್ತುವ ಮೊದಲು ಕೆಳಗೇ ನಿಂತು ಮೂಲೆಗಳನ್ನೊಮ್ಮೆ ದಿಟ್ಟಿಸಿ ನೋಡಿ.

◆ 2018ರಲ್ಲಿ, ಬಹ್ರೇನಿನ ಮನಾಮಾದಲ್ಲಿ ನಡೆದ ಸಭೆಯಲ್ಲಿ, ಕಲಾ-ಎ-ದೊಖ್ತರ್ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಂಟಿಯಾಗಿ ಅಲ್ಲ. ಫಿರೂಜಾಬಾದ್, ಬಿಶಾಪುರ್, ಸರ್ವೆಸ್ತಾನ್‌ಗಳಲ್ಲಿ ಹರಡಿದ 8 ತಾಣಗಳನ್ನು ಸೇರಿಸಿ ಫಾರ್ಸ್ ಪ್ರಾಂತ್ಯದ ಸಸ್ಸಾನಿಯನ್ ಪುರಾತತ್ವ ಭೂದೃಶ್ಯ ಎಂಬ ಒಂದೇ ಹೆಸರಿನಲ್ಲಿ ದಾಖಲಿಸಿದರು. ಕೋಟೆ, ಅರಮನೆ, ದುಂಡು ನಗರ, ಬಂಡೆಯ ಶಿಲ್ಪ ಒಟ್ಟಿಗೆ ಇದ್ದರೇ ಅರ್ಥ. ಇವುಗಳಲ್ಲಿ ಸರ್ವೆಸ್ತಾನದ ಗುಮ್ಮಟದ ಕಟ್ಟಡ ಸಸ್ಸಾನಿಯನ್ನರದೋ, ಇಸ್ಲಾಂ ಬಂದ ಮೊದಲ ಶತಮಾನಗಳದೋ ಎಂಬ ಚರ್ಚೆ ಇದೆ. ಎರಡನೆಯದೇ ಸರಿ ಎಂದು ಲಿಯೊನೆಲ್ ಬಿಯರ್ 1986ರಲ್ಲಿ ವಾದಿಸಿದರು.

◆ ದುರಸ್ತಿ ಎಲ್ಲಿಗೆ ನಿಲ್ಲಬೇಕು? ಬಿಶಾಪುರದ ಬಳಿ ಬೆಟ್ಟದ ಗುಹೆಯೊಂದರಲ್ಲಿ ಅರ್ದಶೀರನ ಮಗ ಶಾಪುರನ ಪ್ರತಿಮೆ ಇದೆ. ಗುಹೆಯ ಸುಣ್ಣದ ಕಲ್ಲುಕಂಬದಲ್ಲೇ ಕಡೆದ ಅದರ ಎತ್ತರ ಸುಮಾರು 6.7 ಮೀಟರ್. ಕಾಲು ಮುರಿದು ಶತಮಾನಗಳ ಕಾಲ ನೆಲಕ್ಕೆ ಒರಗಿದ್ದ ಅದನ್ನು 1957ರಲ್ಲಿ ಇರಾನಿನ ಸೈನಿಕರು ಎತ್ತಿ ನಿಲ್ಲಿಸಿ, ಇಲ್ಲದ ಕಾಲಿನ ಜಾಗದಲ್ಲಿ ಸಿಮೆಂಟು-ಕಬ್ಬಿಣದ ಕಂಬಗಳನ್ನು ಕೊಟ್ಟರು. ಅರಸ ಎದ್ದು ನಿಂತ. ಆದರೆ ಕಣ್ಣು ಮೊದಲು ಹೋಗುವುದು ಆ ಕಂಬಗಳಿಗೇ.

◆ ಬಾಮ್ ಕೋಟೆಯದು ಇದಕ್ಕಿಂತ ದೊಡ್ಡ ನೋವಿನ ಪಾಠ. ಇರಾನಿನ ಆಗ್ನೇಯಕ್ಕಿರುವ ಇದು ಹಸಿ ಇಟ್ಟಿಗೆಯ ಕೋಟೆನಗರ. ನಡುವಿನ ಬಂಡೆಗುಡ್ಡದ ಮೇಲೆ ಆಳುವವನ ಮನೆ, ಸುತ್ತ ಊರು, ಊರಿಗೆ ಜೀವ ಕೊಟ್ಟದ್ದು ನೆಲದಡಿಯ ಕನಾತ್ ಕಾಲುವೆಗಳು. ವಲೇರಿಯೊ ಜುರ್ಲಿನಿ 1976ರಲ್ಲಿ ತೆರೆಗೆ ತಂದ ‘ತಾರ್ತರರ ಮರುಭೂಮಿ’ ಎಂಬ ಸಿನಿಮಾದ ಕೋಟೆ ಇದೇ. 2003ರ ಡಿಸೆಂಬರ್ 26ರ ನಸುಕಿನಲ್ಲಿ 6.6 ತೀವ್ರತೆಯ ಭೂಕಂಪ ಬಾಮ್ ಪಟ್ಟಣವನ್ನೂ ಕೋಟೆಯನ್ನೂ ಬಹುಮಟ್ಟಿಗೆ ನೆಲಸಮ ಮಾಡಿತು. 26,000ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅವಶೇಷಗಳನ್ನು ಪರೀಕ್ಷಿಸಿದ ಅಮೆರಿಕದ ತಜ್ಞ ರ‍್ಯಾಂಡಾಲ್ಫ್ ಲಾಂಗೆನ್‌ಬಾಖ್ ಒಂದು ವಿಚಿತ್ರವನ್ನು ಗಮನಿಸಿದರು. 20ನೇ ಶತಮಾನದಲ್ಲಿ ದುರಸ್ತಿ ಮಾಡಿದ ಭಾಗಗಳು ಕುಸಿದುಬಿದ್ದಿದ್ದವು, ಯಾರೂ ಮುಟ್ಟದ ಹಳೆಯ ಪಾಳುಗೋಡೆಗಳಲ್ಲಿ ಎಷ್ಟೋ ಹಾಗೆಯೇ ನಿಂತಿದ್ದವು. ಹಳೆಯ ಮಣ್ಣಿನ ಮೇಲೆ ಹೇರಿದ ಹೊಸ ಮಣ್ಣು ಅದರೊಡನೆ ಬೆಸೆದುಕೊಂಡಿರಲಿಲ್ಲ. 2004ರಲ್ಲಿ ಬಾಮ್ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿತು. ಮರುಕಟ್ಟುವಾಗ ಹಸಿ ಇಟ್ಟಿಗೆಗೆ ಖರ್ಜೂರದ ಮರದ ನಾರು ಬೆರೆಸಿ ಬಲ ಕೊಟ್ಟರು. ವರ್ಷಗಳ ಕೆಲಸದ ನಂತರ 2013ರಲ್ಲಿ ಹೆಸರು ಆ ಪಟ್ಟಿಯಿಂದ ಹೊರಬಂತು.

◆ ಇರಾನಿನ ಇನ್ನೂ ಕೆಲವು ಕೋಟೆಗಳ ಗತಿ ಬೇರೆ ಬೇರೆ. ಗೀಲಾನಿನ ಕಾಡುಬೆಟ್ಟದ ಮೇಲಿನ ರೂದ್‌ಖಾನ್ ಕೋಟೆಗೆ ನೂರಾರು ಮೆಟ್ಟಿಲು ಹತ್ತಬೇಕು. ಸೆಲ್ಜೂಕರ ಕಾಲದಲ್ಲಿ ಮತ್ತೆ ಕಟ್ಟಿದ ಅದರ 42 ಬುರುಜುಗಳು ಇನ್ನೂ ನಿಂತಿವೆ. ಅಲ್ಲಿ ಶತ್ರು ಭೂಕಂಪವಷ್ಟೇ ಅಲ್ಲ, ಮಳೆ, ಪಾಚಿ, ಬೇರು ಕೂಡ.

◆ ಖೊರ‍್ರಮಾಬಾದಿನ ನಡುಗುಡ್ಡದ ಮೇಲಿನ ಫಲಕ್-ಒಲ್-ಅಫ್ಲಾಕ್ ಕೋಟೆಗೆ ಇಂದು 8 ಬುರುಜು. 20ನೇ ಶತಮಾನದ ಪಹ್ಲವಿ ದೊರೆಗಳ ಕಾಲದಲ್ಲಿ ಸೆರೆಮನೆ, ಈಗ ವಸ್ತುಸಂಗ್ರಹಾಲಯ. ಬಳಕೆಯಲ್ಲಿದ್ದ ಕೋಟೆ ಬದುಕಿಕೊಂಡಿತು.

◆ 1090ರಲ್ಲಿ ಇಸ್ಮಾಯಿಲಿ ಪಂಥದ ನಾಯಕ ಹಸನ್-ಎ-ಸಬ್ಬಾಹ್ ಹಿಡಿದ ಅಲಮೂತ್ ಕೋಟೆ 1256ರಲ್ಲಿ ಮಂಗೋಲರ ಹುಲಾಗುವಿನ ವಶವಾಯಿತು. ಕೆಡವುವ ಮೊದಲು ಒಳಹೊಕ್ಕ ಇತಿಹಾಸಕಾರ ಜುವೈನಿ, ಬಂಡೆಯಲ್ಲಿ ಕೊರೆದ ಕಣಜಗಳನ್ನೂ ದ್ರವಗಳ ತೊಟ್ಟಿಗಳನ್ನೂ ಬಣ್ಣಿಸಿದ್ದಾನೆ. ಜೇನುತುಪ್ಪದ ತೊಟ್ಟಿಗೆ ಇಳಿದವನೊಬ್ಬ ಆಳ ತಿಳಿಯದೆ ಅದರಲ್ಲಿ ಮುಳುಗಿದನಂತೆ! ಗ್ರಂಥಾಲಯದಿಂದ ಕೆಲವು ಪುಸ್ತಕಗಳನ್ನೂ ಖಗೋಳದ ಉಪಕರಣಗಳನ್ನೂ ಅವನು ಉಳಿಸಿಕೊಂಡ, ಮಿಕ್ಕವನ್ನು ಸುಡಿಸಿದ. ಹಸನನ ಬದುಕಿನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಹಾಗೆ ಉಳಿದ ಬರಹಗಳಿಂದ ಬಂದದ್ದು.

◆ ಫಿರೂಜಾಬಾದಿಗೆ ಹೋಗುವವರಿದ್ದರೆ ಒಂದೆರಡು ಮಾತು. ಕೋಟೆಗೆ ರಸ್ತೆಯಿಂದ ನಡೆದೇ ಹತ್ತಬೇಕು, ಬಿಸಿಲು ಏರುವ ಮೊದಲು ಹೊರಡಿ, ನೀರು ಜೊತೆಗಿರಲಿ. ಮಾರ್ಚ್ ಕೊನೆಯ ನೌರೋಜ್ ಹಬ್ಬದ ಹೊತ್ತು ಹವೆ ಹಿತವಾಗಿರುತ್ತದೆ, ಜನಸಂದಣಿಯೂ ಹೆಚ್ಚು. ಕಾಶ್ಕಾಯಿ ಕುರಿಗಾಹಿಗಳ ಸೀಮೆ ಅದು, ವಸಂತದಲ್ಲಿ ಅವರ ಮಂದೆಗಳು ಎದುರಾಗಬಹುದು. ಮುರಿದ ಕಮಾನಿನ ಅಂಚಿಗೆ, ಗೋಡೆಯ ನೆತ್ತಿಗೆ ಹತ್ತಬೇಡಿ. ಒಳಗಿನ ಗಾರೆ ಎಷ್ಟು ಸವೆದಿದೆಯೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ನೆಲದ ಮೇಲೆ ಗಚ್ಚಿನ ಚೂರು ಕಂಡರೆ ಜೇಬಿಗೆ ಇಳಿಸದೆ ಇದ್ದಲ್ಲೇ ಬಿಡಿ. ಗೋಡೆಯ ಯಾವ ಭಾಗದಲ್ಲಿ ಎಂಥ ಲೇಪವಿತ್ತು, ಅದಕ್ಕೆ ಹೊಂದುವ ಗಾರೆಯನ್ನು ಹೇಗೆ ಬೆರೆಸಬೇಕು ಎಂದು ದುರಸ್ತಿಯವರು ತಿಳಿಯುವುದು ಅಂಥ ಚೂರುಗಳಿಂದಲೇ.